ರಾಶಿಯಾಚೆಯ ಹೂಂ

ಬ್ಯಾಡಗಿ,
ಪೇಟೆಗೆ ರಜೆಯಿರುವ ದಿನ, ಮಧ್ಯಾಹ್ನ.

ರಾಶಿಯ ಆ ಕಡೆಯ ನನ್ನ ಉಡಚವ್ವಗೆ,

ರಾಶಿಯ ಈ ಕಡೆಯಿಂದ ಸುಶೀಲವ್ವ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ, ಅದು ಸುಳ್ಳಾಗುತ್ತದೆ. ನೀನು ಕ್ಷೇಮವೇ ಎಂದು ಕೇಳುವುದೂ ಇಲ್ಲ. ಪುಷ್ಪಾ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ.

ಮೊದಲು ನಿನ್ನ ಮಗಳಿಗೆ ಎರಡು ಮಾತು. ಪುಷ್ಪಾ, ಈ ಕಾಗದವನ್ನು ನಿನ್ನ ಅವ್ವನ ಮಂಚದ ಬದಿಗೆ ಕುಳಿತು ಗಟ್ಟಿಯಾಗಿ ಓದು. ಹಗಲಲ್ಲೇ ಓದು. ಟೀವಿ ಬಂದ್ ಮಾಡು. ನಿನ್ನ ಗಂಡ ಪ್ರೇಮಕುಮಾರನಿಗೆ ಅಂಗಡಿಗೆ ಹೋಗಲು ಹೇಳು, ಅವನು ನಡುವೆ ಬಾಯಿ ಹಾಕದೆ ಇರಲಾರ. ನಾನು ನಿಲ್ಲು ಎಂದು ಬರೆದ ಕಡೆ ನಿಲ್ಲು. ನಿಂತಾಗ ಅವ್ವನ ಮುಖ ನೋಡಬೇಡ, ಕಾಗದವನ್ನು ನಿನ್ನ ಮುಖಕ್ಕೆ ಅಡ್ಡ ಹಿಡಿದುಕೋ. ಕೊನೆಯ ಹಾಳೆಯನ್ನು ಬೇರೆಯಾಗಿ ಮಡಿಚಿ ದಾರ ಸುತ್ತಿದ್ದೇನೆ. ನಾನು ಹೇಳುವ ತನಕ ಅದನ್ನು ಬಿಚ್ಚಬಾರದು. ಇಷ್ಟು ಮಾಡಿದರೆ ನೀನು ಚಿಗವ್ವ ಎಂದು ಕರೆಯುವ ನನ್ನ ಮಾತು ನಡೆಸಿದಂತೆ.

ಉಡಚವ್ವಾ, ನಾನು ಪುಸ್ತಕದ ಭಾಷೆಯಲ್ಲಿ ಬರೆಯುತ್ತಿದ್ದೇನೆಂದು ನೀನು ಒಳಗೊಳಗೇ ನಗುತ್ತಿರಬೇಕು. ಹೊಸರಿತ್ತಿಯ ಸಾಲೆಯಲ್ಲಿ ನಮ್ಮ ಮಾಸ್ತರರು ಕಲಿಸಿದ್ದೇ ಹೀಗೆ. ಕೈಗೆ ಪೆನ್ನು ಬಂತೆಂದರೆ ನನ್ನ ಮಾತು ತಾನಾಗಿ ಇಸ್ತ್ರಿ ಮಾಡಿಕೊಳ್ಳುತ್ತದೆ. ಹಿಂದೊಮ್ಮೆ ಕರ್ಜಗಿಯಲ್ಲಿರುವ ನಿನ್ನ ತಮ್ಮನಿಗೆ ನಿನ್ನ ಪರವಾಗಿ ಕಾಗದ ಬರೆದು ಓದಿ ತೋರಿಸಿದಾಗ ನೀನು, "ಏನ ಸುಶೀಲಾ, ನಾ ಹೇಳಿದ್ದ ಒಂದು, ನೀ ಬರದಿದ್ದ ಒಂದು. ನನ್ನ ತಮ್ಮ ಇದನ್ನ ಓದಿ ಯಾರೋ ಸಾಹೇಬ್ರು ಬರದಾರಂತ ಎದ್ದು ನಿಂದರತಾನ" ಅಂದಿದ್ದೆ. ನಿಂತರೆ ನಿಲ್ಲಲಿ ಬಿಡು ಅಂದಿದ್ದೆ ನಾನು.

ಪುಷ್ಪಾ ನಮ್ಮ ಕಣಕ್ಕೆ ಬಂದದ್ದು ಒಂದೇ ಸಲ. ಸಣ್ಣವಳಿದ್ದಾಗ ಬಂದು, ಮೆಣಸಿನಕಾಯಿಯ ಘಾಟಿಗೆ ಕಣ್ಣು ಮೂಗು ಸುರಿಸಿ ಅಳುತ್ತ ಓಡಿಹೋದಳು. ಹಾಗಾಗಿ ಅವಳಿಗೂ ತಿಳಿಯಲಿ ಎಂದು ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಬೆಳಿಗ್ಗೆ ಹಮಾಲರು ಚೀಲ ಬಿಚ್ಚಿ ಸುರಿದರೆಂದರೆ ಕೂತವರ ತಲೆಗಿಂತ ಮೇಲೆ ರಾಶಿ ಏರುತ್ತಿತ್ತು. ಈ ಕಡೆ ಗೋಣಿತಟ್ಟು ಹಾಸಿಕೊಂಡು ನಾನು, ಆ ಕಡೆ ನೀನು. ಒಂದೊಂದೇ ಕಾಯಿ ತೆಗೆದು ತೊಟ್ಟು ಮುರಿದು, ತೊಟ್ಟು ಒಂದು ಬದಿ, ಕಾಯಿ ಒಂದು ಬದಿ. ಬೆಳಗಿನ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಬಿಸಿಲು ಏರಿದಂತೆ ರಾಶಿ ಇಳಿಯುತ್ತಿತ್ತು. ಊಟದ ಹೊತ್ತಿಗೆ ನಿನ್ನ ತಲೆಯ ಮೇಲಿನ ಸೆರಗು ಕಾಣುತ್ತಿತ್ತು, ಆಮೇಲೆ ಹಣೆ, ಚಹಾದ ಹೊತ್ತಿಗೆ ಕಣ್ಣು. ಪೂರಾ ಮುಖ ಕಂಡಿತೆಂದರೆ ಮನೆಗೆ ಹೋಗುವ ಹೊತ್ತಾಯಿತು ಎಂದು ಅರ್ಥ. ಇಡೀ ದಿನ ನಿನ್ನ ಮುಖ ಕಾಣಲಿ ಎಂದು ದುಡಿದು, ಕಂಡ ಕೂಡಲೇ ಎದ್ದು ಹೋಗುವ ಬಾಳು ನಮ್ಮದು.

ಇಬ್ಬರೂ ಮೂಗುಬಾಯಿಗೆ ಸೆರಗು ಬಿಗಿದುಕೊಂಡಿರುತ್ತಿದ್ದೆವು. ಆ ಘಾಟಿನಲ್ಲಿ ಬಾಯಿ ತೆರೆದವಳು ಕೆಮ್ಮಿ ಕೆಮ್ಮಿ ಸಾಯಬೇಕು. ನನಗೋ, ಬಾಯಿ ಮುಚ್ಚಿಕೊಂಡಿರುವುದೇ ಸಾವು. ಅದಕ್ಕೇ ಸೆರಗಿನೊಳಗಿಂದಲೇ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ನೀನು ಮಾತಾಡುತ್ತಿರಲಿಲ್ಲ. ತುಟಿ ತೆರೆಯದೆ ಆಡಬಹುದಾದ ಮಾತು ಒಂದೇ ಒಂದು. ಹೂಂ. ಅದೊಂದನ್ನೇ ಇಟ್ಟುಕೊಂಡು ನೀನು ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆ.

ಹೂಂ ಅನ್ನುವವರಿಲ್ಲದೆ ಕತೆ ಹೇಳಬಾರದು ಎಂದು ನನ್ನ ಅಮ್ಮ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದಳು. ಹೂಂ ಇಲ್ಲದ ಕತೆ ಹೇಳಿದವರ ಬೆನ್ನು ಹತ್ತಿ ಅವರ ಮನೆಗೇ ಬರುತ್ತದಂತೆ. ಹೂಂ ನಿಂತರೆ ಕತೆಯೂ ಅಲ್ಲೇ ನಿಲ್ಲಬೇಕು, ಅದು ಪದ್ಧತಿ. ಕೇಳುವವಳು ಮಲಗಿದಳೋ, ಎದ್ದು ಹೋದಳೋ, ಹೆದರಿದಳೋ, ಏನಾದರೂ ಆಗಲಿ, ಮುಂದೆ ಒಂದು ಮಾತು ಆಡಕೂಡದು. ನಾವಿಬ್ಬರೂ ಆ ಪದ್ಧತಿಯನ್ನು ಒಂದು ದಿನವೂ ಮುರಿದವರಲ್ಲ.

ದೆವ್ವದ ಕತೆ ಹಚ್ಚಿದ ಮೊದಲ ದಿನ ನೀನು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಏ ಸುಶೀಲಾ, ಇಷ್ಟ ಬಿಸಲಾಗ ಎಂಥಾ ದೆವ್ವದ ಕತಿ ತಗದೀ? ದೆವ್ವಕ್ಕೂ ಘಾಟು ಹತ್ತತೈತಿ, ಇತ್ತಾಗ ಹಾಯಂಗಿಲ್ಲ ತಗೋ." ಆ ಮಾತು ಆಡಲಿಕ್ಕೆ ಸೆರಗು ಸರಿಸಿದ್ದಕ್ಕೆ ನೀನು ಬಹಳ ಹೊತ್ತು ಕೆಮ್ಮಿದೆ. ಆಮೇಲೆ ಸುಮ್ಮನೆ ಹೂಂ ಅಂದೆ. ಸಂಜೆ ಬಸ್‌ಸ್ಟ್ಯಾಂಡಿನ ತನಕ ನನ್ನ ಕೈ ಹಿಡಿದುಕೊಂಡು ನಡೆದೆ. ಕೈ ಮೆಣಸಿನಕಾಯಿಯಿಂದ ಉರಿಯುತ್ತಿದ್ದರೂ ಬಿಡಲಿಲ್ಲ.

ಹಗಲಲ್ಲಿ, ಜನರ ನಡುವೆ, ತಗಡಿನ ಕೆಳಗೆ ಕೂತು ಹೇಳಿದ ಕತೆಗೆ ಮೈ ಹೇಗೆ ಜುಂ ಅನ್ನುತ್ತದೆ ಎಂದು ನೀನು ನೂರು ಸಲ ಕೇಳಿದ್ದೀ. "ಅದೇನ ಮಂತ್ರಾ ಮಾಡ್ತೀ ಹೇಳ" ಅಂತಿದ್ದೆ. ನಾನು ಬಿಗುಮಾನದಿಂದ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಈ ಗುಟ್ಟು ಇಟ್ಟುಕೊಂಡು ನಾನು ಏನು ಮಾಡಲಿ, ಕೇಳುವವಳೇ ಇಲ್ಲದ ಮೇಲೆ.

ದೆವ್ವವನ್ನು ಸುಡುಗಾಡಿನಲ್ಲಿ ಇಡಬಾರದು, ಉಡಚವ್ವಾ. ಹಾಳು ಬಾವಿಯಲ್ಲಿ, ಹುಣಸೆ ಮರದಲ್ಲಿ ಇಡಬಾರದು. ಅಲ್ಲಿ ಅದು ಇದ್ದೇ ಇರುತ್ತದೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಆ ಕಡೆ ಹೋಗುವುದಿಲ್ಲ. ಕೇಳುವವಳು ಸಂಜೆ ಹೋಗಲೇಬೇಕಾದ ಕಡೆ ಇಡಬೇಕು. ನೀನು ದಿನಾ ಕಾಗಿನೆಲೆ ಬಸ್ಸಿಗೆ ಹೋಗುವವಳು, ಕಾಲು ನೋವೆಂದು ಹಿಂದಿನ ಸೀಟಿನ ಮೂಲೆ ಹಿಡಿಯುವವಳು. ನಾನು ನನ್ನ ದೆವ್ವವನ್ನು ಆ ಸೀಟಿನಲ್ಲಿ ಕೂರಿಸಿದೆ. ಆ ಕತೆಯಲ್ಲಿ ಏನೂ ಆಗುವುದಿಲ್ಲ, ನೆನಪಿದೆಯೇ? ಕಂಡಕ್ಟರ ಟಿಕೆಟು ಕೊಡುತ್ತ ಹಿಂದೆ ಬರುತ್ತಾನೆ. ಮೂಲೆಯಲ್ಲಿ ಕೂತ ಹೆಂಗಸಿಗೆ, "ಎಲ್ಲಿಗೆ ಯವ್ವಾ?" ಅನ್ನುತ್ತಾನೆ. ಅವಳು, "ಬಾಜೂದಾಕಿ ಎಲ್ಲಿ ಇಳಿತಾಳೋ ಅಲ್ಲಿಗೆ" ಅನ್ನುತ್ತಾಳೆ. ಅಷ್ಟೇ ಕತೆ. ನೀನು ಆಮೇಲೆ ಎಷ್ಟೋ ದಿನ ಆ ನೋಯುವ ಕಾಲಿನಲ್ಲೇ ಕಾಗಿನೆಲೆಯ ತನಕ ನಿಂತುಕೊಂಡು ಹೋದೆ. ನನ್ನನ್ನು ಬೈದದ್ದೇ ಬೈದದ್ದು. ನನಗೆ ಪಾಪ ಅನ್ನಿಸಿತು, ಒಳಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಇನ್ನೊಂದು ಗುಟ್ಟು. ಕತೆಯನ್ನು ದೆವ್ವದಿಂದ ಶುರು ಮಾಡಬಾರದು. ಅವಳು ಬೆಳಿಗ್ಗೆ ಏನು ರೊಟ್ಟಿ ಬಡಿದಳು, ಪಲ್ಯ ಯಾವುದು, ನಲ್ಲಿಗೆ ನೀರು ಬಂತೋ ಇಲ್ಲವೋ, ಅಲ್ಲಿಂದ ಶುರು ಮಾಡಬೇಕು. ಕೇಳುವವಳಿಗೆ ಇದು ನನ್ನ ಮನೆಯೇ ಅನ್ನಿಸಬೇಕು. ಅವಳು ಒಳಗೆ ಬಂದು ಕೂತ ಮೇಲೆ ಒಂದೇ ಒಂದು ವಸ್ತುವನ್ನು ಸ್ವಲ್ಪ ಸರಿಸಿಡಬೇಕು. ಬೀದಿಯ ಕಡೆ ಮುಖ ಮಾಡಿ ಬಿಟ್ಟ ಚಪ್ಪಲಿ ಬಾಗಿಲ ಕಡೆ ತಿರುಗಿರುವುದು, ಅಷ್ಟು ಸಾಕು. ದೆವ್ವ ಎಂಬ ಮಾತನ್ನಂತೂ ಎತ್ತಲೇಬಾರದು. ಅದನ್ನು ಕೇಳುವವಳೇ ತನ್ನೊಳಗೆ ಅಂದುಕೊಳ್ಳಬೇಕು.

ಆದರೆ ಇವೆಲ್ಲ ಅರ್ಧ ಗುಟ್ಟು. ಉಳಿದರ್ಧ ನಿನ್ನದು. ನಾನು ಕತೆ ಹೇಳುತ್ತೇನೆಂದು ಇಡೀ ಕಣ ತಿಳಿದಿತ್ತು, ನಡೆಸುತ್ತಿದ್ದವಳು ನೀನು. ನಿನ್ನ ಮುಖ ಕಾಣದ್ದರಿಂದ ನಾನು ನಿನ್ನ ಹೂಂನ ಮೇಲೇ ಕಿವಿ ಇಟ್ಟಿರುತ್ತಿದ್ದೆ. ಕತೆ ಜೊಳ್ಳಾದಾಗ ನಿನ್ನ ಹೂಂ ಆಕಳಿಸುತ್ತಿತ್ತು, ನಾನು ಲಗುಬಗೆಯಿಂದ ಮುಂದೆ ಹೋಗುತ್ತಿದ್ದೆ. ನಂಬಿಕೆ ಬರದಿದ್ದಾಗ ನೀನು ಅದನ್ನು ಉದ್ದ ಎಳೆಯುತ್ತಿದ್ದೆ, ನಾನು ಹಿಂದೆ ಬಂದು ಒಂದು ಊರಿನ ಹೆಸರನ್ನೋ ಮಾವನ ಹೆಸರನ್ನೋ ಸೇರಿಸುತ್ತಿದ್ದೆ. ಹೆದರಿಕೆ ಹತ್ತಿರ ಬಂದಂತೆ ಅದು ಸಣ್ಣದಾಗುತ್ತಿತ್ತು, ತಡವಾಗುತ್ತಿತ್ತು. ಆಗ ನಾನೂ ನಿಧಾನ ಮಾಡುತ್ತಿದ್ದೆ. ನಿನ್ನ ಹೂಂಗಾಗಿ ಕಾಯುವ ಆ ಒಂದು ಗಳಿಗೆಯಲ್ಲಿ ನನ್ನ ಕೂದಲೂ ನಿಮಿರುತ್ತಿದ್ದವು. ರಾಶಿಯ ಆ ಕಡೆ ಇರುವವಳು ನೀನೇ ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬರುತ್ತಿತ್ತು. ಆಮೇಲೆ ಹೂಂ ಬರುತ್ತಿತ್ತು. ಇಬ್ಬರೂ ಉಸಿರು ಬಿಡುತ್ತಿದ್ದೆವು.

ದೀಪಾವಳಿಯ ಹೊತ್ತಿಗೆ ನಿನಗೆ ಲಕ್ವಾ ಹೊಡೆಯಿತು. ನಾನು ಸುದ್ದಿ ಕೇಳುವಷ್ಟರಲ್ಲಿ ನಿನ್ನನ್ನು ದವಾಖಾನೆಗೆ ಒಯ್ದಾಗಿತ್ತು. ಅಲ್ಲಿಂದ ಪುಷ್ಪಾ ನಿನ್ನನ್ನು ರಾಣೆಬೆನ್ನೂರಿನ ತನ್ನ ಮನೆಗೆ ಕರೆದುಕೊಂಡಳು. ಒಳ್ಳೆಯ ಮಗಳು, ಅದರ ಬಗ್ಗೆ ಎರಡು ಮಾತಿಲ್ಲ. ನಿನ್ನ ಜಾಗಕ್ಕೆ ಕಣದಲ್ಲಿ ಅರುಣಾ ಎಂಬುವಳನ್ನು ಕೂರಿಸಿದರು. ಚಲೋ ಹುಡುಗಿಯೇ. ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಹಾಡು ಕೇಳುತ್ತಾಳೆ. ಮೊದಲ ದಿನ ನಾನು ಕತೆ ಶುರು ಮಾಡಿ, ಬಹಳ ಹೊತ್ತು ಹೂಂ ಬರದೆ, ಎದ್ದು ಬಾಗಿ ನೋಡಿದರೆ ಅವಳು ತಲೆ ಆಡಿಸುತ್ತಿದ್ದದ್ದು ಹಾಡಿಗೆ. ಅಂದಿನಿಂದ ಬಾಯಿ ಮುಚ್ಚಿದೆ. ಕಣದಲ್ಲಿ ಎಲ್ಲರೂ, "ಸುಶೀಲವ್ವ ಶ್ಯಾಣ್ಯಾ ಆಗ್ಯಾಳ" ಅಂದರು. ಮನೆಗೆ ಹೋದರೆ ಅಲ್ಲಿಯೂ ಮಾತಿಲ್ಲ. ನನ್ನ ಗಂಡ ಇದ್ದಾಗಲೇ ಹೂಂ ಅಂದವನಲ್ಲ, ಹೋದ ಮೇಲೆ ಅನ್ನುತ್ತಾನೆಯೇ. ಒಲೆ ಹಚ್ಚಿ, ಎರಡು ರೊಟ್ಟಿ ತಿಂದು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ. ಇಷ್ಟು ಒಬ್ಬಂಟಿ ನಾನು ಅವನು ಸತ್ತಾಗಲೂ ಆಗಿರಲಿಲ್ಲ. ಇದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ.

ನಿನ್ನನ್ನು ನೋಡಲು ಬಂದೆನಲ್ಲ, ಸಂಕ್ರಾಂತಿಯ ಆಸುಪಾಸಿಗೆ. ಆ ದಿನ ನಾನು ಏನೂ ಮಾತಾಡದೆ ಎದ್ದು ಬಂದದ್ದಕ್ಕೆ ನೀನು ನೊಂದಿರಬೇಕು. ನಿನ್ನ ಮಂಚದ ಎದುರು ಕುರ್ಚಿ ಹಾಕಿ ಕೂರಿಸಿದರು. ನಿನ್ನ ಮುಖ ಪೂರಾ ಕಾಣುತ್ತಿತ್ತು. ಒಂದು ಬದಿ ತುಟಿ ಜೋತಿತ್ತು, ಕಣ್ಣು ಗೋಡೆಯ ಮೇಲಿತ್ತು. ನಾನು ಸ್ವಲ್ಪ ಹೊತ್ತಿಗೇ ಎದ್ದುಬಿಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕಾರಣ ಹೊಳೆಯಿತು. ನಿನ್ನ ಮುಖ ನೋಡುತ್ತ ಕತೆ ಹೇಳಿ ನನಗೆ ರೂಢಿಯೇ ಇಲ್ಲ. ಪೂರಾ ಮುಖ ಕಂಡಿತೆಂದರೆ ಎದ್ದು ಮನೆಗೆ ಹೋಗುವುದಷ್ಟೇ ನಮಗೆ ಗೊತ್ತು. ಅದಕ್ಕೇ ಈ ಕಾಗದ. ಪುಷ್ಪಾ ಅಡ್ಡ ಹಿಡಿದ ಈ ಹಾಳೆಯೇ ನಮ್ಮ ನಡುವಿನ ರಾಶಿ ಎಂದು ತಿಳಿ.

ಈಗ ಯಾಕೆ ಅವಸರದಲ್ಲಿ ಬರೆಯುತ್ತಿದ್ದೇನೆಂದು ಹೇಳುತ್ತೇನೆ, ಹೆದರಬೇಡ.

ನಿನ್ನೆ ಮಧ್ಯಾಹ್ನ ಎಲ್ಲರೂ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಲು ಹೋದರು. ನನಗೆ ಹಸಿವಿರಲಿಲ್ಲ. ರಾಶಿ ಇನ್ನೂ ಎತ್ತರವಿತ್ತು. ಕೈ ತನ್ನ ಪಾಡಿಗೆ ತೊಟ್ಟು ಮುರಿಯುತ್ತಿತ್ತು. ಯಾವಾಗ ಶುರು ಮಾಡಿದೆನೋ ಗೊತ್ತಿಲ್ಲ, ಸೆರಗಿನೊಳಗೆ ನಾನು ಕತೆ ಹೇಳುತ್ತಿದ್ದೆ. ಜಯವ್ವ ಗದಿಗೆವ್ವರ ಕತೆ, ನೀನು ಒಮ್ಮೆಯೂ ಪೂರಾ ಕೇಳದೆ ಬಿಟ್ಟದ್ದು. ನಡುವೆ ಉಸಿರು ತೆಗೆದುಕೊಳ್ಳಲು ನಿಂತೆ. ರಾಶಿಯ ಆ ಕಡೆಯಿಂದ ಹೂಂ ಎಂದು ಬಂತು.

ಅರುಣಾಳದಲ್ಲ. ಅದು ಸಣ್ಣದಾಗಿ, ತಡವಾಗಿ ಬಂದ ಹೂಂ. ಉಡಚವ್ವಾ, ಅದು ನಿನ್ನದು.

ನಾನು ಎದ್ದು ನೋಡಲಿಲ್ಲ. ಗುಮಾಸ್ತ ಮುನಾಫ ಆ ಕಡೆಯ ಬಾಗಿಲಲ್ಲಿ ನಿಂತಿದ್ದ. ಆಚೆ ಯಾರಿದ್ದಾರೆಂದು ಅವನನ್ನು ಕೇಳಿದೆ. "ಯಾರೂ ಇಲ್ರಿ ಅಕ್ಕಾರ, ಎಲ್ಲಾರೂ ಊಟಕ್ಕ ಹೋಗ್ಯಾರ. ನೀವ ಒಬ್ರ ಕುಂತೀರಿ, ಏಳ್ರಿ" ಅಂದ. ಕೈ ತೊಳೆಯದೆ ಪುಷ್ಪಾಗೆ ಫೋನು ಹಚ್ಚಿದೆ, ಮೊಬೈಲು ಹಿಡಿದ ಕಿವಿಯೆಲ್ಲ ಉರಿಯಿತು. ಅವಳು ಅಳು ತಡೆದುಕೊಂಡು ಹೇಳಿದಳು. "ಅದಾಳ ಚಿಗವ್ವ. ಉಸಿರು ಆಡಾಕತ್ತೈತಿ. ಆದ್ರ ಎರಡ ದಿನಾ ಆತು, ಯಾರ ಕರದ್ರೂ ಕಣ್ಣ ಹೊಳ್ಳಿಸಿ ನೋಡವಲ್ಲಳು. ಗಂಜಿ ಕುಡಸಾಕ ಹ್ವಾದ್ರ ಬಾಯಿ ಬಿಗಿ ಹಿಡಿತಾಳ. ಕಿವಿ ಕೇಳತಾವು, ಮಾತಾಡ್ಸಿಕೋತ ಇರ್ರಿ ಅಂತಾರ ಡಾಕ್ಟರ. ಏನಂತ ಮಾತಾಡ್ಸೂದು ಚಿಗವ್ವ, ನನಗ ಒಂದೂ ಮಾತು ಉಳದಿಲ್ಲ." ಅವಳು ಫೋನನ್ನು ನಿನ್ನ ಕಿವಿಗೆ ಹಿಡಿದಳು. ನಾನು ಉಡಚೀ ಉಡಚೀ ಎಂದು ಕೂಗಿದೆ. ನಿಮ್ಮ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಅಲ್ಲಿ ನಿನ್ನ ಮಗಳು ಕಾಯುತ್ತಿರುವ ಹೂಂ ಇಲ್ಲಿ ನನ್ನ ರಾಶಿಗೆ ಬಂದರೆ, ಅಲ್ಲಿ ನಿನ್ನ ಹತ್ತಿರ ಏನು ಉಳಿಯಿತು? ಈ ಹೆದರಿಕೆ ನನ್ನನ್ನು ನಿನ್ನೆಯಿಂದ ಹಿಡಿದಿದೆ. ಇಷ್ಟು ವರ್ಷ ಮಂದಿಯನ್ನು ಹೆದರಿಸಿದವಳು ನಾನು, ಈಗ ನನ್ನ ಕತೆಯೇ ಬಂದು ನನ್ನ ಎದುರು ಕೂತಿದೆ. ಅದನ್ನು ಎಬ್ಬಿಸಿ ಕಳಿಸಲಿಕ್ಕೆ ನನಗೆ ಗೊತ್ತಿರುವುದು ಒಂದೇ ದಾರಿ. ಆ ಕತೆಯನ್ನು ನಿನಗೇ ಹೇಳುತ್ತೇನೆ. ನೀನು ಅಲ್ಲಿಂದ, ರಾಣೆಬೆನ್ನೂರಿನ ನಿನ್ನ ಮಂಚದಿಂದ ಹೂಂ ಅನ್ನಬೇಕು. ನಾಲಿಗೆ ಬೇಡ, ತುಟಿ ತೆರೆಯುವುದು ಬೇಡ. ಆ ಒಂದು ಮಾತಿಗೆ ನಿನಗೆ ಇವು ಯಾವುವೂ ಎಂದೂ ಬೇಕಾಗಿರಲಿಲ್ಲ.

ಕೇಳು.

ನಮ್ಮಂಥದ್ದೇ ಕಣ. ತಗಡಿನ ಮೇಲೆ ಬೇವಿನ ಎಲೆ ಉದುರುವ ದಿನಗಳು. ಜಯವ್ವ ಅಂದು ತಡವಾಗಿ ಬಂದಳು. ಬೆಳಿಗ್ಗೆ ನಲ್ಲಿ ನೀರು ಬಂದಿರಲಿಲ್ಲ, ಕೊಡ ಹಿಡಿದು ಮುಂದಿನ ಓಣಿಗೆ ಹೋಗಬೇಕಾಯಿತು, ರೊಟ್ಟಿಯ ಹಿಟ್ಟು ತೆಳುವಾಯಿತು. ಅವಳು ಬಂದಾಗ ರಾಶಿ ಸುರಿದಾಗಿತ್ತು. ತಟ್ಟು ಹಾಸಿ ಕೂತು, ಸೆರಗು ಬಿಗಿದು, ರಾಶಿಯ ಕಡೆ ಮುಖ ಮಾಡಿ ಕೇಳಿದಳು. "ಬಂದೀಯೇನ ಗದಿಗೆವ್ವಾ?"

ಹೂಂ ಎಂದು ಬಂತು.

ಪುಷ್ಪಾ, ಇಲ್ಲಿ ನಿಲ್ಲು. ಹೂಂ ಬಂದರೂ ಬರದಿದ್ದರೂ ಈ ಸಲ ಮುಂದೆ ಓದು. ನಿನ್ನ ಅವ್ವ ಮೊದಲಿಗೆ ಯಾವಾಗಲೂ ಬಿಗುಮಾನ ಮಾಡುತ್ತಾಳೆ.

ಜಯವ್ವ ಹಿಂದಿನ ದಿನ ಅರ್ಧಕ್ಕೆ ಬಿಟ್ಟ ಕತೆಯನ್ನು ಎತ್ತಿಕೊಂಡಳು. ಗದಿಗೆವ್ವ ಹೂಂ ಅಂದಳು. ಬಿಸಿಲು ತಗಡಿಗೆ ಹತ್ತಿತು. ಬದಿಯ ರಾಶಿಯಲ್ಲಿ ಯಾರೋ ಕೆಮ್ಮಿದರು, ಅದರಾಚೆ ಇನ್ಯಾರೋ ಸೀನಿದರು. ಜಯವ್ವನಿಗೂ ಕೆಮ್ಮು ಬಂತು, ಕೆಮ್ಮಿ ಕಣ್ಣೊರೆಸಿಕೊಂಡಳು. ಮತ್ತೆ ಕತೆ, ಮತ್ತೆ ಹೂಂ. ನೀರು ಕುಡಿಯಲು ತಂಬಿಗೆ ಎತ್ತಿದಾಗ ಅವಳಿಗೊಂದು ವಿಚಾರ ಬಂತು. ಬೆಳಗಿನಿಂದ ಆ ಕಡೆಯಿಂದ ಒಂದು ಕೆಮ್ಮೂ ಬಂದಿಲ್ಲ.

ಇಲ್ಲಿ ನಿಲ್ಲು ಪುಷ್ಪಾ. ಹೂಂ ಬರಲಿ ಬಿಡಲಿ, ಅವ್ವನ ಕಡೆ ನೋಡದೆ ಮುಂದೆ ಓದು.

ಇವತ್ತು ಕಾಯಿ ಹಸಿ ಇರಬೇಕು, ಘಾಟು ಕಡಿಮೆ ಎಂದು ಜಯವ್ವ ಅಂದುಕೊಂಡಳು. ಅಂದುಕೊಂಡು ಮತ್ತೆ ಕೆಮ್ಮಿದಳು. ರಾಶಿ ಇಳಿಯುತ್ತ ಬಂತು. ಊಟದ ಹೊತ್ತಾಯಿತು. ಆ ಹೊತ್ತಿಗೆ ದಿನಾ ಗದಿಗೆವ್ವನ ತಲೆಯ ಸೆರಗು ಕಾಣುತ್ತಿತ್ತು, ಹಸಿರು ಸೆರಗು. ಇವತ್ತು ಕಾಣಲಿಲ್ಲ. ಬಾಗಿ ಕೂತಿದ್ದಾಳೆ, ಸೊಂಟ ನೋವೆಂದು ನಿನ್ನೆ ಹೇಳುತ್ತಿದ್ದಳಲ್ಲ. "ಸೊಂಟಾ ನೋಯಾಕತ್ತೈತೇನ?" ಎಂದಳು ಜಯವ್ವ. ಹೂಂ ಎಂದು ಬಂತು. ಆದರೆ ಅದು ಬಾಗಿ ಕೂತವಳ ಎತ್ತರದಿಂದ ಬರಲಿಲ್ಲ. ದಿನಾ ಬರುವ ಎತ್ತರದಿಂದಲೇ, ಖಾಲಿ ಇದ್ದ ಗಾಳಿಯಿಂದಲೇ ಬಂತು.

ಆಗ ಕಣದ ಗೇಟಿಗೆ ಗದಿಗೆವ್ವನ ಊರಿನ ಒಬ್ಬ ಮನುಷ್ಯ ಬಂದ. ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿದ. ಗುಮಾಸ್ತ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ರಾಶಿಗಳ ನಡುವೆ ಸುತ್ತು ಹಾಕಿ ನಿಧಾನಕ್ಕೆ ಜಯವ್ವನ ಹತ್ತಿರ ಬಂದ. "ಜಯವ್ವಾ, ಕೈ ನಿಂದರಸು. ಗದಿಗೆವ್ವ ಇವತ್ತ ಬೆಳಗಾಗೂದ್ರಾಗ ಹೋಗಿಬಿಟ್ಟಾಳಂತ" ಅಂದ. ಜಯವ್ವ ನಕ್ಕಳು. "ಹುಚ್ಚಪ್ಪಾ, ಮುಂಜಾಲಿಂದ ಇಲ್ಲೇ ಕುಂತಾಳಲ್ಲೋ. ಹೌದಲ್ಲೇನ ಗದಿಗೆವ್ವಾ?"

ಗುಮಾಸ್ತನ ಮುಖ ಬಿಳಿಚಿತು. ಅವನಿಗೂ ಕೇಳಿಸಿತ್ತು.

ಜಯವ್ವ ಎರಡೂ ಕೈ ಮೊಣಕಾಲಿಗೆ ಊರಿ ಎದ್ದಳು. ರಾಶಿಯ ಮೇಲಿಂದ ಆ ಕಡೆ ಬಾಗಿದಳು.

ಉಡಚವ್ವಾ, ನೀನು ಯಾವಾಗಲೂ ಇಲ್ಲಿಯೇ ಹೂಂ ನಿಲ್ಲಿಸುತ್ತಿದ್ದೆ. ಎಷ್ಟು ಸಲ ಹೇಳಿದರೂ ಇಲ್ಲಿಯೇ. "ಸಾಕ ಸುಶೀಲಾ, ಮುಂದಿಂದು ಬ್ಯಾಡ. ನನಗ ಒಬ್ಬಾಕಿನ ಬಸ್ಸಿಗೆ ಹೋಗೂದೈತಿ" ಅಂತಿದ್ದೆ. ಹೂಂ ನಿಂತಿತೆಂದರೆ ಕತೆ ನಿಲ್ಲಬೇಕು. ನಾನು ನಿಲ್ಲಿಸುತ್ತಿದ್ದೆ. ರಾಶಿಯಾಚೆ ಜಯವ್ವ ಏನು ಕಂಡಳು ಎಂಬುದನ್ನು ಈ ತನಕ ಯಾರೂ ಕೇಳಿಲ್ಲ.

ಈ ಸಲವೂ ಪದ್ಧತಿ ಮುರಿಯುವುದಿಲ್ಲ. ಪುಷ್ಪಾ, ಓದುವುದನ್ನು ಇಲ್ಲಿ ನಿಲ್ಲಿಸಿ ಸುಮ್ಮನೆ ಕೂತುಕೋ. ಬೇಕಾದಷ್ಟು ಹೊತ್ತು ಕೂತುಕೋ. ಅವಳು ಹೂಂ ಅಂದರೆ ಮಾತ್ರ ದಾರ ಬಿಚ್ಚಿ ಕೊನೆಯ ಹಾಳೆ ತೆಗೆ. ಅನ್ನದಿದ್ದರೆ ಮಡಿಚಿ ದಿಂಬಿನ ಕೆಳಗಿಡು, ನಾಳೆ ಮೊದಲಿನಿಂದ ಓದು. ನಾಡಿದ್ದೂ ಓದು. ನನ್ನ ಮೇಲೆ ಕರುಣೆಯಿಂದ ಸುಮ್ಮನೆ ಬಿಚ್ಚಬೇಡವ್ವ. ಅವಳು ಹೂಂ ಅನ್ನದೆ ಹೇಳಿದ ಕತೆ ನನಗೆ ಬೇಡ.

ಉಡಚವ್ವಾ, ಮುಂದೆ ಹೇಳಲೇ?

*

ದಾರ ಬಿಚ್ಚಿತೆಂದರೆ ನೀನು ಹೂಂ ಅಂದಿದ್ದೀ.

ಈ ಹಾಳೆಯನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಪುಷ್ಪಾ ಹೊಂದಿಸಿಕೊಂಡು ಓದಲಿ. ಇದು ಯಾರೂ ಓದದೆ ದಾರದಲ್ಲೇ ಉಳಿದುಬಿಡಬಹುದು ಎಂದು ನನಗೆ ಗೊತ್ತು. ಹಾಗಿದ್ದರೆ ಈಗ ನಾನು ಯಾರೊಂದಿಗೂ ಮಾತಾಡುತ್ತಿಲ್ಲ. ಆದರೂ ಬರೆಯುತ್ತೇನೆ. ನಿನ್ನೆ ಆಚೆ ಯಾರೂ ಇಲ್ಲದ ರಾಶಿಗೆ ಕತೆ ಹೇಳಿದವಳಿಗೆ ಇದೇನೂ ದೊಡ್ಡದಲ್ಲ.

ಜಯವ್ವ ಬಾಗಿ ನೋಡಿದಳು. ಆ ಕಡೆ ಯಾರೂ ಇರಲಿಲ್ಲ. ಗೋಣಿತಟ್ಟು ಹಾಸಿತ್ತು. ತಟ್ಟಿನ ಒಂದು ಬದಿಗೆ ತೊಟ್ಟು, ಒಂದು ಬದಿಗೆ ಕಾಯಿ, ಜಯವ್ವನ ಕಡೆ ಎಷ್ಟಿತ್ತೋ ಅಷ್ಟೇ. ತಟ್ಟಿನ ನಡುವೆ ಕೂತೆದ್ದ ಗುರುತು ಇತ್ತು. ಗುಮಾಸ್ತ ಓಡಿಹೋದ. ಹೆಂಗಸರೆಲ್ಲ ಎದ್ದು ಗೇಟಿನ ಕಡೆ ಹೋದರು. ಕಣ ಖಾಲಿಯಾಯಿತು.

ಜಯವ್ವ ಓಡಲಿಲ್ಲ, ಉಡಚವ್ವಾ. ಅವಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ಬೇರೆ ವಿಚಾರ. ಗದಿಗೆವ್ವ ಹಿಂದಿನ ದಿನ ಕತೆಯ ನಡುವೆ ಎದ್ದು ಬಸ್ಸಿಗೆ ಹೋಗಿದ್ದಳು. ಮುಂದೇನಾಯಿತು ಎಂದು ಗೊತ್ತಿಲ್ಲದೆ ಅವಳಿಗೆ ಹೋಗಲು ಆಗಲಿಲ್ಲ. ಜಯವ್ವನನ್ನು ಕತೆಯ ನಡುವೆ ಒಬ್ಬಳನ್ನೇ ಬಿಟ್ಟು ಹೋಗಲೂ ಆಗಲಿಲ್ಲ. ಜಯವ್ವ ತನ್ನ ತಟ್ಟಿನ ಮೇಲೆ ಮತ್ತೆ ಕೂತಳು. ಸೆರಗು ಬಿಗಿದಳು. ಕತೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡು, ನಿಧಾನವಾಗಿ, ಯಾವುದನ್ನೂ ಬಿಡದೆ, ಕೊನೆಯ ತನಕ ಹೇಳಿದಳು. ಪ್ರತಿ ಸಲವೂ ಹೂಂ ಬಂತು. ಕತೆ ಮುಗಿದ ಮೇಲೆ ಒಂದು ಸಲ ಬಂತು. ಆಮೇಲೆ ಬರಲಿಲ್ಲ.

ಈ ಕೊನೆ ಹೊಸದು, ಈಗ ಕೂತಲ್ಲೇ ಹುಟ್ಟಿದ್ದು. ಮೊದಲು ಇದಕ್ಕೊಂದು ಕೆಟ್ಟ ಕೊನೆ ಇಟ್ಟಿದ್ದೆ, ಕೂದಲು ಕೆದರಿದ ಮುಖ, ತಿರುಗಿದ ಪಾದ, ಅಂಥದ್ದು. ನೀನು ಅದನ್ನು ಕೇಳದೆ ಬಿಟ್ಟದ್ದೇ ಒಳ್ಳೆಯದಾಯಿತು. ರಾಶಿಯಾಚೆ ನಿನ್ನ ಹೂಂ ಕೇಳಿದ ಮೇಲೆ ಆ ಮುಖ ನನಗೆ ಬೇಡವಾಯಿತು.

ಆದರೆ ನೀನು ಗದಿಗೆವ್ವನಲ್ಲ, ಆಗಲೂ ಕೂಡದು. ನಿನ್ನ ಹೂಂ ನಿನ್ನ ಹತ್ತಿರವೇ ಇರಲಿ, ಇಲ್ಲಿಗೆ ಕಳಿಸಬೇಡ. ನನ್ನನ್ನು ನೋಡಿಕೊಳ್ಳಲು ನೀನು ಅಷ್ಟು ದೂರದಿಂದ ಬರುವುದು ಬೇಡ, ನಾನೇ ಬರುತ್ತೇನೆ. ಒಂದು ಚೀಲ ಮೆಣಸಿನಕಾಯಿ ತರುತ್ತೇನೆ, ಮುನಾಫ ಬಸ್ಸಿನ ಮೇಲೆ ಹಾಕಿಸಿಕೊಡುತ್ತಾನೆ. ನಿನ್ನ ಮಂಚದ ಬದಿಗೆ ನೆಲದ ಮೇಲೆ ನಾನು ಕೂರುತ್ತೇನೆ, ನಡುವೆ ರಾಶಿ ಹಾಕುತ್ತೇನೆ. ಪುಷ್ಪಾ ಮೂಗುಬಾಯಿಗೆ ಸೆರಗು ಕಟ್ಟಿಕೊಳ್ಳಲಿ. ಪ್ರೇಮಕುಮಾರ ಸೀನಿದರೆ ಸೀನಲಿ, ಅಳಿಯನಾದವನು ಅಷ್ಟಾದರೂ ಮಾಡಲಿ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ಬಿಡುತ್ತೇನೆ, ನೀನು ಗೋಡೆ ನೋಡುವುದನ್ನು ಬಿಡು. ಗಂಜಿ ಕುಡಿ. ಇನ್ನೂ ಹೇಳದ ಕತೆಗಳು ಬಹಳ ಇವೆ, ಯಾವುದನ್ನೂ ಅರ್ಧಕ್ಕೆ ಬಿಟ್ಟು ಏಳುವ ಹಾಗಿಲ್ಲ.

ಕೊನೆಗೆ ಒಂದು ಮಾತು. ಕತೆ ಮುಗಿಯಿತು, ಇನ್ನು ಹೂಂ ಅನ್ನುವ ಕಾರಣವಿಲ್ಲ. ಆದರೂ ಇನ್ನೊಮ್ಮೆ ಅನ್ನು. ಈ ಸಲ ಕತೆಗಲ್ಲ, ನನಗೆ.

ನಿನ್ನ ಉಸಿರು ನಿನ್ನ ಎದೆಯಲ್ಲೇ ಬೆಚ್ಚಗಿರಲಿ, ನಿನ್ನ ಹಣೆ ನನಗೆ ಕಾಣುವ ತನಕ.

ರಾಶಿಯ ಈ ಕಡೆ ಕಿವಿಯಿಟ್ಟು ಕೂತಿರುವ,
ನಿನ್ನ ಸುಶೀಲಾ